ಹಳೇ ಡೀಸೆಲ್ ಪಿಕಪ್: ಸಣ್ಣ ಕೆಲಸ, ದೊಡ್ಡ ಉಳಿತಾಯ

ನಮ್ಮ ಕಡ್ಡಿರಾಂಪುರ ಹೊಸಪೇಟೆಯಿಂದ ಹಂಪಿಗೆ ಹೋಗೋ ದಾರಿಯಲ್ಲಿದೆ. ಕಾಲುವೆ ನೀರು ಹತ್ತಿದವರು ಬಾಳೆ, ಕಬ್ಬು, ಭತ್ತ ಬೆಳೆಯುತ್ತಾರೆ. ನನ್ನ ಹೊಲಕ್ಕೆ ಕಾಲುವೆ ಇಲ್ಲ. ಮಳೆ ಬಂದರೆ ಸಜ್ಜೆ, ಶೇಂಗಾ, ತೊಗರಿ. ತಡವಾದರೆ ಹುರುಳಿ. ಅದಕ್ಕೇ ನನ್ನಂಥವರಿಗೆ ಹಳೇ ಪಿಕಪ್ ಅಂದರೆ ಎರಡನೇ ಬೆಳೆ ಇದ್ದಂಗೆ. ಹೊಲದಲ್ಲಿ ಕೆಲಸ ಇಲ್ಲದ ದಿನ ಅಕ್ಕಪಕ್ಕದವರ ಬಾಳೆಗೊನೆ, ಮೇವು, ಗೊಬ್ಬರ ಹೊತ್ತು ಮನೆಖರ್ಚು ನಡೆಸುತ್ತದೆ.

ಆದರೆ ಸುಗಂಧಿ ಬಾಳೆ ಹೇರಿಕೊಂಡು ಹೊರಟ ಗಾಡಿ ದಾರಿಯಲ್ಲಿ ನಿಂತರೆ ಆ ದಿನದ ಬಾಡಿಗೆ ಒಂದೇ ಹೋಗೋದಿಲ್ಲ. ಮುಂದಿನ ಸಲ ಆ ರೈತ ಬೇರೆ ಗಾಡಿ ಕರೆಯುತ್ತಾನೆ. ಹಂಗಂತ ಹೊಸ ಗಾಡಿ ತಗೊಂಡರೆ ಕಂತು ಮಳೆ ಬಂದ ತಿಂಗಳೂ ಕಟ್ಟಬೇಕು, ಬಾರದ ತಿಂಗಳೂ ಕಟ್ಟಬೇಕು. ಈ ಎರಡರ ನಡುವೆ ಇನ್ನೊಂದು ದಾರಿ ಇದೆ. ಇರೋ ಗಾಡಿಗೆ ಕಡಿಮೆ ಖರ್ಚಿನ ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಿಸುವುದು. ದುಬಾರಿ ಸಾಮಾನು ಆಮೇಲೆ.

ನಾನು ಬರೆಯುತ್ತಿರುವುದು ಮೆಕ್ಯಾನಿಕಲ್ ಪಂಪಿನ, ಟರ್ಬೋ ಇಲ್ಲದ ಹಳೇ ಡೀಸೆಲ್ ಗಾಡಿಗಳ ಬಗ್ಗೆ. ಹಳೇ ಮಹೀಂದ್ರ ಡಿಐ ಪಿಕಪ್, ಟಾಟಾ 207 ಇಂಥವು ನಮ್ಮ ಕಡೆ ಇನ್ನೂ ಬೇಕಾದಷ್ಟು ಓಡುತ್ತವೆ. ಈಚಿನ ಕಾಮನ್ ರೈಲ್ ಇಂಜಿನ್ನಿನ ಡೀಸೆಲ್ ಪೈಪಿನಲ್ಲಿ ಒತ್ತಡ ಬಹಳ ಜಾಸ್ತಿ. ಅದನ್ನು ಮನೆ ಮುಂದೆ ಬಿಚ್ಚಬೇಡಿ.

ಮೊದಲು ಒಂದು ಪುಸ್ತಕ ಇಡಿ

"ನನ್ನ ಗಾಡಿ ಹನ್ನೆರಡು ಕೊಡುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಅಳೆದವರು ಕಡಿಮೆ. ಅಳೆಯದೆ ರಿಪೇರಿ ಮಾಡಿಸಿದರೆ ಯಾವ ಕೆಲಸದಿಂದ ಏನು ಸಿಕ್ಕಿತು ಗೊತ್ತಾಗೋದಿಲ್ಲ.

ಟ್ಯಾಂಕ್ ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಅದೇ ಬಂಕಿನಲ್ಲಿ, ಅದೇ ಜಾಗದಲ್ಲಿ ಗಾಡಿ ಸಮ ನಿಲ್ಲಿಸಿ ಮತ್ತೆ ಪೂರ್ತಿ ತುಂಬಿಸಿ. ನಡುವೆ ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. 450 ಕಿ.ಮೀ.ಗೆ 45 ಲೀಟರ್ ಹಿಡಿದರೆ ಲೀಟರಿಗೆ 10. ಒಂದು ಸಲದ ಲೆಕ್ಕ ನಂಬಬೇಡಿ, ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ. ಮೀಟರ್ ಕೇಬಲ್ ಕಿತ್ತಿದ್ದರೆ ಮೊದಲು ಅದನ್ನೇ ಹಾಕಿಸಿ. ಮೀಟರ್ ಸರಿ ಇದೆಯೋ ಇಲ್ಲವೋ ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡಿ ತಾಳೆ ಹಾಕಬಹುದು. ಅಳತೆ ಮೀರಿ ದೊಡ್ಡ ಟಯರ್ ಹಾಕಿದ್ದರೆ ಮೀಟರ್ ಕಡಿಮೆ ತೋರಿಸುತ್ತದೆ.

ಅದೇ ಪುಸ್ತಕದಲ್ಲಿ ಇಂಜಿನ್ ಆಯಿಲ್ ಎಷ್ಟು ಸೇರಿಸಿದಿರಿ, ನೀರು ಎಷ್ಟು ಹಾಕಿದಿರಿ, ಯಾವ ಸಾಮಾನು ಬದಲಾಯಿಸಿದಿರಿ ಅಂತಲೂ ಬರೆಯಿರಿ. ಗಾಡಿ ಕೆಡುವ ಮುಂಚೆ ಈ ಪುಸ್ತಕವೇ ಹೇಳುತ್ತದೆ.

ಇದರಿಂದ ಏನು ಲಾಭ ಅಂತ ಕೇಳಿದರೆ ಲೆಕ್ಕ ಹೀಗಿದೆ. ತಿಂಗಳಿಗೆ 1,000 ಕಿ.ಮೀ. ಓಡುವ ಗಾಡಿ ಲೀಟರಿಗೆ 10 ಕೊಟ್ಟರೆ 100 ಲೀಟರ್ ಬೇಕು. 11.5 ಕೊಟ್ಟರೆ 87 ಲೀಟರ್ ಸಾಕು. ಡೀಸೆಲ್ ಲೀಟರಿಗೆ 90 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 1,170, ವರ್ಷಕ್ಕೆ 14,000 ರೂಪಾಯಿ ಮೇಲೆ. ನನ್ನಂಥವರಿಗೆ ಬಿತ್ತನೆ ಬೀಜ, ಗೊಬ್ಬರದ ಬಹುಪಾಲು ಖರ್ಚು ಇದರಲ್ಲೇ ಹುಟ್ಟುತ್ತದೆ.

ಗಾಳಿ: ನಮ್ಮ ಕಡೆಯ ಮೊದಲ ಶತ್ರು ಕೆಂಪು ಧೂಳು

ಸಂಡೂರು ಗುಡ್ಡದ ಅದಿರು ಲಾರಿ ಓಡುವ ರಸ್ತೆ ಯಾವುದು ಅಂತ ಗಿಡದ ಎಲೆ ನೋಡಿಯೇ ಹೇಳಬಹುದು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿ ನಿಲ್ಲಿಸಿದ ಮೇಲೆ ಸ್ವಲ್ಪ ಕಾಲ ರಸ್ತೆ ತಣ್ಣಗಿತ್ತು. ಆಮೇಲೆ ಮಿತಿ ಹಾಕಿ ಗಣಿ ಮತ್ತೆ ಶುರುವಾಯಿತು, ಧೂಳೂ ಬಂತು. ಅದಿರಿನ ಪುಡಿ, ಮರಳಿನ ಪುಡಿ ಇಂಜಿನ್ ಒಳಗೆ ಹೋಗಿ ಆಯಿಲ್ ಜೊತೆ ಸೇರಿದರೆ ಸಾಣೆ ಹಿಡಿದಂಗೆ ಲೈನರ್, ರಿಂಗು ಸವೆಯುತ್ತವೆ. ಇಂಜಿನ್ ಬಿಚ್ಚಿಸುವ ಖರ್ಚು ಬಹಳ ಸಲ ಇಲ್ಲಿಂದಲೇ ಶುರು.

ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇದ್ದರೆ ಗುರುತಿನ ಮಟ್ಟಕ್ಕೆ ಎಣ್ಣೆ ಇರಬೇಕು. ತಳದಲ್ಲಿ ಕೆಸರು ಕೂತರೆ ಚೆಲ್ಲಿ, ಜಾಲರಿ ಡೀಸೆಲಿನಲ್ಲಿ ತೊಳೆದು, ಒಣಗಿಸಿ, ಹೊಸ ಎಣ್ಣೆ ಹಾಕಿ. ಬೇಸಿಗೆಯಲ್ಲಿ ಧೂಳಿನ ದಾರಿ ಓಡಿದರೆ ವಾರಕ್ಕೊಮ್ಮೆ ತೆಗೆದು ನೋಡಿ. ಗುರುತಿಗಿಂತ ಹೆಚ್ಚು ಹಾಕಬೇಡಿ. ಇಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಕೈಗೆ ಸಿಗದಂಗೆ ಓಡಬಹುದು.

ಕಾಗದದ ಫಿಲ್ಟರ್ ಇದ್ದರೆ ನೀರಿನಲ್ಲಿ ತೊಳೆಯಬೇಡಿ. ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ಗಾಳಿ ಹೊಡೆಸಿದರೆ ಒಳಗಿನಿಂದ ಹೊರಗೆ, ಕಡಿಮೆ ಒತ್ತಡದಲ್ಲಿ, ದೂರದಿಂದ. ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡ ಹತ್ತಿರದಿಂದ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಕತ್ತಲಲ್ಲಿ ಒಳಗೆ ಬ್ಯಾಟರಿ ಹಿಡಿದು ನೋಡಿ. ಬೆಳಕಿನ ಚುಕ್ಕಿ ಕಂಡರೆ ಬಿಸಾಕಿ.

ಎಲ್ಲಕ್ಕಿಂತ ಮುಖ್ಯ, ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪು. ಫಿಲ್ಟರ್ ಹೊಸದಾಗಿದ್ದರೂ ಈ ಪೈಪು ಸೀಳಿದ್ದರೆ ಏನೂ ಉಪಯೋಗವಿಲ್ಲ. ಪೈಪಿನ ಒಳಗೆ ಬಿಳೀ ಬಟ್ಟೆ ಒರೆಸಿ ನೋಡಿ. ಕೆಂಪು ಹತ್ತಿದರೆ ಧೂಳು ಕಳ್ಳದಾರಿಯಲ್ಲಿ ಹೋಗುತ್ತಿದೆ. ಹೊಸ ಪೈಪು, ಎರಡು ಗಟ್ಟಿ ಕ್ಲಿಪ್ಪು ಹಾಕಿಸಿ. ಇಷ್ಟು ಕಡಿಮೆ ರೊಕ್ಕಕ್ಕೆ ಇಷ್ಟು ಕಾಪಾಡುವ ಸಾಮಾನು ಗಾಡಿಯಲ್ಲಿ ಬೇರೆ ಇಲ್ಲ.

ಹೊಗೆ ನೋಡಿಯೂ ಹೇಳಬಹುದು. ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ, ಇಲ್ಲವೇ ಡೀಸೆಲ್ ಜಾಸ್ತಿ. ನೀಲಿ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಅಥವಾ ಒಳಗೆ ನೀರು ಸೇರುತ್ತಿದೆ.

ಡೀಸೆಲ್ ಬರುವ ದಾರಿ

ಬೆಳಿಗ್ಗೆ ಸೆಲ್ಫ್ ಬಹಳ ಹೊತ್ತು ತಿರುಗಿಸಬೇಕು, ಕೈಪಂಪು ಒತ್ತಿದರೆ ತಟ್ಟನೆ ಸ್ಟಾರ್ಟ್ ಆಗುತ್ತದೆ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಟ್ಯಾಂಕಿನಿಂದ ಪಂಪಿನ ತನಕ ಡೀಸೆಲನ್ನು ಎಳೆದುಕೊಳ್ಳುವ ಪೈಪು ಹೊರಗೆ ಸೋರದೇ ಇರಬಹುದು, ಒಳಗೆ ಗಾಳಿ ಎಳೆಯಬಹುದು. ಫಿಲ್ಟರ್ ಮತ್ತು ಪಂಪಿನ ನಡುವೆ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ಸಣ್ಣ ತುಂಡು ಸ್ವಲ್ಪ ಹೊತ್ತಿಗೆ ಹಾಕಿ ನೋಡಿ. ಗುಳ್ಳೆ ಓಡುವುದು ಕಂಡರೆ ಹಿಂದಕ್ಕೆ ಒಂದೊಂದೇ ಜೋಡಣೆ ಬಿಗಿ ಮಾಡುತ್ತಾ ಹೋಗಿ. ಹಳಸಿದ ತಾಮ್ರದ ವಾಷರ್, ಗಟ್ಟಿಯಾದ ರಬ್ಬರ್ ಪೈಪು ಬದಲಾಯಿಸಿ. ನೀರಿನ ಪೈಪು ಹಾಕಬೇಡಿ, ಡೀಸೆಲಿಗೆ ಅದು ಮೆತ್ತಗಾಗಿ ಉಬ್ಬುತ್ತದೆ.

ಹೊರಗೆ ಸೋರಿದರೂ ಲೆಕ್ಕ ಹಾಕಿ. ಸೆಕೆಂಡಿಗೆ ಒಂದು ಹನಿ, 20 ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೆ ತಾಸಿಗೆ 180 ಮಿಲಿ. ಹತ್ತು ತಾಸಿಗೆ ಎರಡು ಲೀಟರ್ ಹತ್ತಿರ ನೆಲಕ್ಕೆ.

ನಾನು ಹಾಕಿಸಿದ ಹೊಸ ಸಾಮಾನುಗಳಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು, ಟ್ಯಾಂಕಿಗೂ ಪಂಪಿಗೂ ನಡುವೆ ಗಾಜಿನ ಬಟ್ಟಲಿರುವ ನೀರು ಬೇರ್ಪಡಿಸುವ ಫಿಲ್ಟರ್. ತಳದಲ್ಲಿ ನೀರು ಕೂತರೆ ಕಾಣುತ್ತದೆ, ಕೆಳಗಿನ ತಿರುಪು ಸಡಿಲಿಸಿ ಬಿಡಬಹುದು. ಹೊಲಕ್ಕೆ ಅಂತ ಕ್ಯಾನಿನಲ್ಲಿ, ಬ್ಯಾರಲ್ಲಿನಲ್ಲಿ ಡೀಸೆಲ್ ಇಡುವವರಿಗೆ ಇದು ಬೇಕೇ ಬೇಕು. ರಾತ್ರಿ ತಂಪಿಗೆ ಖಾಲಿ ಬ್ಯಾರಲ್ಲಿನ ಒಳಗೂ ನೀರು ಹನಿ ಕಟ್ಟುತ್ತದೆ. ಹಾಕಿಸುವಾಗ ಪೈಪಿನ ಗಾತ್ರಕ್ಕೆ ತಕ್ಕ ಫಿಲ್ಟರ್ ಕೇಳಿ. ಸಣ್ಣದಾದರೆ ಏರು ಹತ್ತುವಾಗ ಡೀಸೆಲ್ ಸಾಲದೆ ಗಾಡಿ ತಡವರಿಸುತ್ತದೆ.

ಡೀಸೆಲಿಗೆ ಸೀಮೆಎಣ್ಣೆ ಬೆರೆಸಬಾರದು. ಪಂಪಿನೊಳಗಿನ ಪ್ಲಂಜರಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆ ಸೇರಿದರೆ ಅದು ಒಣಗಿ ಸವೆಯುತ್ತದೆ. 2020ರ ಏಪ್ರಿಲ್‌ನಿಂದ ಬಂಕಿನಲ್ಲಿ ಬರುವ ಡೀಸೆಲಿನಲ್ಲಿ ಗಂಧಕ ಬಹಳ ಕಡಿಮೆ, ಹತ್ತು ಲಕ್ಷದಲ್ಲಿ 10 ಭಾಗ ಮಾತ್ರ. ಹಳೇ ಪಂಪಿಗೆ ಇದು ಆಗೋದಿಲ್ಲ, ಎಣ್ಣೆ ಬೆರೆಸಿ ಅಂತ ಕೆಲವರು ಹೇಳುತ್ತಾರೆ. ಜಾರಿಕೆಗೆ ಬೇಕಾದ್ದನ್ನು ಕಂಪನಿಯಲ್ಲೇ ಸೇರಿಸಿ ಕಳಿಸುತ್ತಾರೆ. ನಾವು ಏನೂ ಬೆರೆಸಬೇಕಿಲ್ಲ.

ನಾಝಲ್ ಮತ್ತು ಪಂಪು

ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 1951ರಲ್ಲಿ ಶುರುವಾದದ್ದು. 2008ರಲ್ಲಿ ಅದರ ಹೆಸರು ಬಾಷ್ ಅಂತ ಆಯಿತು. ನಮ್ಮ ಕಡೆ ಈಗಲೂ ಮೈಕೋ ಪಂಪು ಅಂತಲೇ ಕರೆಯುತ್ತಾರೆ. ಈ ಪಂಪು, ನಾಝಲ್ ಕೆಲಸ ರಸ್ತೆ ಬದಿ ಆಗುವಂಥದ್ದಲ್ಲ. ಟೆಸ್ಟಿಂಗ್ ಮೆಷಿನ್ ಇರುವ ಪಂಪು ಅಂಗಡಿಗೇ ಹೋಗಬೇಕು.

ಮೊದಲು ನಾಲ್ಕೂ ನಾಝಲ್ ಬಿಚ್ಚಿಸಿ ಟೆಸ್ಟ್ ಮಾಡಿಸಿ. ನೀವೂ ಪಕ್ಕದಲ್ಲಿ ನಿಂತು ನೋಡಿ. ಡೀಸೆಲ್ ಮಂಜಿನಂಗೆ ಹರಡಬೇಕು. ದಾರದಂಗೆ ಚಿಮ್ಮಿದರೆ, ತುದಿಯಲ್ಲಿ ಹನಿ ತೂಗಿದರೆ ತುದಿ ಬದಲಾಯಿಸಬೇಕು. ನಾಲ್ಕಕ್ಕೂ ಒತ್ತಡ ಒಂದೇ ಇರಬೇಕು. ತಿರುಗಿ ಕೂರಿಸುವಾಗ ಹೊಸ ವಾಷರ್ ಹಾಕಿಸಿ. ಹಂಗೆಯೇ ಟ್ಯಾಪೆಟ್ ಅಂತರ ಮತ್ತು ಪಂಪಿನ ಟೈಮಿಂಗ್ ಗಾಡಿಯ ಪುಸ್ತಕದಲ್ಲಿ ಇರುವಂತೆ ನೋಡಿಸಿ. ಇಷ್ಟಾದ ಮೇಲೂ ಕಪ್ಪು ಹೊಗೆ, ಎಳೆತ ಕಡಿಮೆ ಅಂದರೆ ಮಾತ್ರ ಪಂಪು ಇಳಿಸಿ.

"ಎಳೆತ ಬೇಕಾ, ಸ್ಕ್ರೂ ಸ್ವಲ್ಪ ತಿರುವುತ್ತೀನಿ" ಅಂದರೆ ಬೇಡ ಅನ್ನಿ. ಪಂಪಿಗೆ ಸೀಲ್ ಹಾಕಿರುವುದು ಅದಕ್ಕೇ. ಟರ್ಬೋ ಇಲ್ಲದ ಇಂಜಿನ್ ಎಳೆದುಕೊಳ್ಳುವ ಗಾಳಿಗೆ ಮಿತಿ ಇದೆ. ಅದಕ್ಕಿಂತ ಹೆಚ್ಚು ಡೀಸೆಲ್ ಬಿಟ್ಟರೆ ಅದು ಹೊಗೆಯಾಗುತ್ತದೆ, ಪಿಸ್ಟನ್ ಕಾಯುತ್ತದೆ, ಆಯಿಲ್ ಕಪ್ಪಾಗುತ್ತದೆ.

ಬಿಸಿಲಿನ ಊರಿನಲ್ಲೂ ಥರ್ಮೋಸ್ಟಾಟ್ ಬೇಕು

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅದಕ್ಕೆ ಗಾಡಿ ಬಿಸಿಯಾದರೆ ಮೊದಲು ಥರ್ಮೋಸ್ಟಾಟ್ ಕಿತ್ತು ಬಿಸಾಕುವ ರೂಢಿ ಬಿದ್ದಿದೆ. ಇದು ಸರಿಯಲ್ಲ. ಇಂಜಿನ್ ಸರಿಯಾಗಿ ಕಾದರೆ ಮಾತ್ರ ಡೀಸೆಲ್ ಪೂರ್ತಿ ಉರಿಯುತ್ತದೆ. ತಣ್ಣಗಿನ ಇಂಜಿನ್ ಹೆಚ್ಚು ಡೀಸೆಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ಹತ್ತು ಹತ್ತು ಕಿಲೋಮೀಟರ್ ಓಡಿ ನಿಲ್ಲುವ ಹಳ್ಳಿ ಗಾಡಿಗೆ ಇದರ ನಷ್ಟ ಹೆಚ್ಚು.

ಥರ್ಮೋಸ್ಟಾಟ್ ಕೆಟ್ಟಿದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವ ಮುಂಚೆ, 80 ಡಿಗ್ರಿ ಆಸುಪಾಸಿನಲ್ಲಿ ಬಾಯಿ ಬಿಡಬೇಕು, ತಣ್ಣಗಾದರೆ ಮುಚ್ಚಬೇಕು. ಹಂಗೆ ಮಾಡದಿದ್ದರೆ ಹೊಸದು ಹಾಕಿ.

ಗಾಡಿ ಬಿಸಿಯಾಗುವ ನಿಜವಾದ ಕಾರಣ ಬಹಳ ಸಲ ರೇಡಿಯೇಟರಿನಲ್ಲಿ ಇರುತ್ತದೆ. ಹೊರಗಿನ ಜಾಲರಿಯಲ್ಲಿ ಧೂಳು, ಹುಳ, ಹೊಟ್ಟು ಸಿಕ್ಕಿರುತ್ತದೆ. ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ಒಳಗೆ ಬೋರಿನ ಗಡಸು ನೀರಿನ ಸುಣ್ಣ ಕಟ್ಟಿರುತ್ತದೆ. ಕೆಟಲಿನಲ್ಲಿ ಕಟ್ಟುವ ಬಿಳೀ ಪದರ ನೋಡಿದ್ದೀರಲ್ಲ, ಅದೇ. ಒಮ್ಮೆ ಪೂರ್ತಿ ತೊಳೆಸಿ, ಆಮೇಲೆ ಕೂಲೆಂಟ್ ಮತ್ತು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿ. ರೇಡಿಯೇಟರ್ ಮುಚ್ಚಳದ ರಬ್ಬರ್, ಫ್ಯಾನ್ ಬೆಲ್ಟಿನ ಬಿಗಿ ನೋಡಿ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ, ಮುಖ ಸುಟ್ಟುಕೊಂಡವರು ಬಹಳ ಮಂದಿ.

ಬಿಸಿ ತೋರಿಸುವ ಮುಳ್ಳು, ಆಯಿಲ್ ಒತ್ತಡದ ದೀಪ ಎರಡೂ ಕೆಲಸ ಮಾಡುತ್ತಿರಬೇಕು. ಇವು ಕೆಟ್ಟಿರುವ ಗಾಡಿ ಕಣ್ಣು ಕಟ್ಟಿ ಓಡಿಸಿದಂಗೆ.

ಚಕ್ರ ಮತ್ತು ಬ್ರೇಕು

ಇಂಜಿನ್ ಎಷ್ಟೇ ಸರಿ ಇದ್ದರೂ ಚಕ್ರ ಹಿಡಿದುಕೊಂಡರೆ ಡೀಸೆಲ್ ಹಾಳು. ಹತ್ತು ಕಿಲೋಮೀಟರ್ ಓಡಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುವೆ ಹುಷಾರಾಗಿ ಕೈ ಹತ್ತಿರ ಹಿಡಿಯಿರಿ. ಒಂದು ಮಾತ್ರ ಬಹಳ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಉಜ್ಜುತ್ತಿದೆ ಅಥವಾ ಬೇರಿಂಗ್ ಹೋಗಿದೆ.

ಟಯರಿನ ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ನೋಡಬೇಕು. ಎಷ್ಟು ಬೇಕು ಅಂತ ಗಾಡಿಯ ಪುಸ್ತಕದಲ್ಲಿ, ಹೇರು ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಅಂತ ಬೇರೆ ಬೇರೆ ಇರುತ್ತದೆ. ಸ್ವಂತ ಗೇಜು ಇಟ್ಟುಕೊಳ್ಳಿ. ಟಯರ್ ಹೇಗೂ ಬದಲಾಯಿಸುವ ಕಾಲ ಬಂದಾಗ ನೈಲಾನ್ ಬದಲು ರೇಡಿಯಲ್ ಹಾಕಿದರೆ ಗಾಡಿ ಹಗುರವಾಗಿ ಉರುಳುತ್ತದೆ. ನಾಲ್ಕೂ ಒಂದೇ ಜಾತಿ ಇರಲಿ. ಮುಂದಿನ ಟಯರಿನ ಒಂದೇ ಅಂಚು ಸವೆದರೆ ಅಲೈನ್‌ಮೆಂಟ್ ಮಾಡಿಸಿ.

ಬ್ಯಾಟರಿ, ವೈರು

ಗಾಡಿ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಬ್ಯಾಟರಿ ಬದಲಾಯಿಸುತ್ತಾರೆ. ಮೊದಲು ಅರ್ತ್ ವೈರು ನೋಡಿ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಇಂಜಿನ್ನಿಗೆ ದಪ್ಪ ವೈರು ಇರಬೇಕು, ತುಕ್ಕು ಕೆರೆದು ಬಿಗಿ ಮಾಡಬೇಕು. ಒಂದು ಸಣ್ಣ ಮೀಟರ್ ತಗೊಂಡರೆ ಸಾಕು. ರಾತ್ರಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಹತ್ತಿರ, ಇಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು ತೋರಿಸಬೇಕು.

ಇನ್ನೆರಡು ಜಾಗ ನೆನಪಿಡಿ. ಕೆಲವು ಗಾಡಿಯಲ್ಲಿ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್ ಇರುತ್ತದೆ. ಅದರ ವೈರು ಸಡಿಲಾದರೆ ಓಡುತ್ತಿರುವ ಗಾಡಿ ತಟ್ಟನೆ ಆಫ್ ಆಗುತ್ತದೆ. ಪೈಪು ಬಿಚ್ಚುವ ಮುಂಚೆ ಆ ವೈರು ಒತ್ತಿ ನೋಡಿ. ಎರಡನೆಯದು, ಬಹಳಷ್ಟು ಡೀಸೆಲ್ ಪಿಕಪ್ಪಿನಲ್ಲಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪು ಡೈನಮೋ ಹಿಂದೆ ಇರುತ್ತದೆ. ಅದಕ್ಕೆ ಇಂಜಿನ್ ಆಯಿಲ್ಲೇ ಹೋಗುತ್ತದೆ. ಆ ಸಣ್ಣ ಪೈಪು ಒಡೆದರೆ ಇಂಜಿನ್ ಆಯಿಲ್ ಖಾಲಿ. ಸೀಳು ಬಿಡುವ ಮುಂಚೆಯೇ ಬದಲಾಯಿಸಿ.

ಓಡಿಸುವ ಕೈ

ಇದಕ್ಕೆ ಒಂದು ರೂಪಾಯಿಯೂ ಬೇಡ. ಕೇಂದ್ರ ಸರ್ಕಾರದ ಪೆಟ್ರೋಲಿಯಂ ಉಳಿತಾಯ ಸಂಸ್ಥೆ ಪಿಸಿಆರ್‌ಎ ಮೊದಲಿನಿಂದ ಹೇಳುತ್ತಿರುವುದು 45ರಿಂದ 55 ಕಿ.ಮೀ. ವೇಗ. ಗಾಳಿಯ ತಡೆ ವೇಗದ ವರ್ಗದಷ್ಟು ಹೆಚ್ಚುತ್ತದೆ. 40ರಲ್ಲಿ ಇದ್ದ ತಡೆ 60ರಲ್ಲಿ ಎರಡೂಕಾಲು ಪಟ್ಟು. ಹಿಂದೆ ಪಟಪಟ ಹಾರುವ ತಾಡಪಾಲು ಕೂಡ ಡೀಸೆಲ್ ತಿನ್ನುತ್ತದೆ, ಬಿಗಿದು ಕಟ್ಟಿ.

ಸಂಡೂರು ಘಾಟಿನಲ್ಲಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಉಳಿತಾಯ ಅನ್ನುವುದು ಸುಳ್ಳು. ಗೇರಿನಲ್ಲಿ ಇಟ್ಟು ಕಾಲು ತೆಗೆದರೆ ಪಂಪಿನ ಗವರ್ನರ್ ಡೀಸೆಲ್ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಉಸಿರಾಡಲು ಡೀಸೆಲ್ ಹೋಗುತ್ತಲೇ ಇರುತ್ತದೆ, ಮೇಲಾಗಿ ಇಂಜಿನ್ ಹಿಡಿತ ತಪ್ಪಿ ಬ್ರೇಕ್ ಕಾಯುತ್ತದೆ. ಹೇರು ಇಳಿಸುವಾಗ, ತೂಕದ ಸಾಲಿನಲ್ಲಿ ನಿಂತಾಗ ಇಂಜಿನ್ ಆಫ್ ಮಾಡಿ.

ರೊಕ್ಕ ಹಾಕಬಾರದ್ದು

ಡೀಸೆಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಜಾತ್ರೆ, ಕೃಷಿಮೇಳಗಳಲ್ಲಿ ಮಾರಾಟಕ್ಕೆ ಬರುತ್ತವೆ. ಅಮೆರಿಕದ ಸರ್ಕಾರಿ ಪರಿಸರ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಮಾನು ಪರೀಕ್ಷೆ ಮಾಡಿ ನೋಡಿದೆ, ಹೇಳಿಕೊಳ್ಳುವಂಥ ಉಳಿತಾಯ ಕಂಡಿಲ್ಲ. ಮಾರುವವನಿಗೆ ನಿಮ್ಮ ಪುಸ್ತಕ ತೋರಿಸಿ, ಮೂರು ಟ್ಯಾಂಕ್ ಓಡಿಸಿದ ಮೇಲೆ ದುಡ್ಡು ಕೊಡುತ್ತೇನೆ ಅನ್ನಿ.

ಹೊಂಗೆ ಎಣ್ಣೆ, ಶೇಂಗಾ ಎಣ್ಣೆ ಹಾಕಬಹುದಲ್ಲ ಅಂತ ಕೇಳುವವರೂ ಇದ್ದಾರೆ. 1900ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನ್ ಶೇಂಗಾ ಎಣ್ಣೆಯಲ್ಲೇ ಓಡಿತ್ತು, ನಿಜ. ಆದರೆ ಹಸಿ ಎಣ್ಣೆ ಮಂದ. ನಾಝಲ್ ತುದಿಯಲ್ಲಿ ಮಸಿ ಕಟ್ಟುತ್ತದೆ, ರಿಂಗು ಅಂಟುತ್ತದೆ. ಸಂಸ್ಕರಿಸಿ ಬಯೋಡೀಸೆಲ್ ಮಾಡಿದ್ದು ಬೇರೆ ಮಾತು, ಗಾಣದಿಂದ ತಂದದ್ದನ್ನು ಹಂಗೇ ಹಾಕಬೇಡಿ.

ಬೇರೆ ಇಂಜಿನ್ ಕೂರಿಸುವುದು, ಟರ್ಬೋ ಹಾಕುವುದು, ಬಾಡಿ ಎತ್ತರಿಸುವುದು ಸಣ್ಣ ಕೆಲಸವಲ್ಲ. ಆರ್‌ಸಿಯಲ್ಲಿ ಇರುವುದಕ್ಕೆ ವಿರುದ್ಧ ಗಾಡಿ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 8 ವರ್ಷ ದಾಟಿದ ಬಾಡಿಗೆ ಸರಕು ಗಾಡಿಗೆ ವರ್ಷವರ್ಷ ಎಫ್‌ಸಿ ಆಗಬೇಕು, ಅಲ್ಲಿ ಸಿಕ್ಕಿಬೀಳುತ್ತೀರಿ.

ಯಾವುದು ಮೊದಲು?

ಒಂದೇ ಸಲ ಎಲ್ಲ ಮಾಡಿಸುವ ಶಕ್ತಿ ನಮಗಿಲ್ಲ. ಅದಕ್ಕೆ ಈ ಕ್ರಮ:

1. ಪುಸ್ತಕ, ಮೀಟರ್ ಕೇಬಲ್, ಟಯರ್ ಗಾಳಿ. ಇದೇ ವಾರ.
2. ಏರ್ ಫಿಲ್ಟರ್, ರಬ್ಬರ್ ಪೈಪು, ಕ್ಲಿಪ್ಪು. ಇದೇ ತಿಂಗಳು.
3. ಡೀಸೆಲ್ ಪೈಪು, ವಾಷರ್, ನೀರು ಬೇರ್ಪಡಿಸುವ ಫಿಲ್ಟರ್. ಮುಂಗಾರಿಗೆ ಮುಂಚೆ.
4. ಅರ್ತ್ ವೈರು, ವ್ಯಾಕ್ಯೂಮ್ ಪಂಪಿನ ಆಯಿಲ್ ಪೈಪು, ಬ್ರೇಕು, ಬೇರಿಂಗು. ಎಫ್‌ಸಿಗೆ ಮುಂಚೆ.
5. ನಾಝಲ್, ಟ್ಯಾಪೆಟ್, ಟೈಮಿಂಗ್. ಸುಗ್ಗಿ ಬಾಡಿಗೆ ಶುರುವಾಗುವ ಮುಂಚೆ.
6. ರೇಡಿಯೇಟರ್, ಥರ್ಮೋಸ್ಟಾಟ್, ಕೂಲೆಂಟ್. ಶಿವರಾತ್ರಿ ಒಳಗೆ, ಬಿಸಿಲು ಏರುವ ಮುಂಚೆ.
7. ರೇಡಿಯಲ್ ಟಯರ್. ಹಳೆಯದು ಸವೆದಾಗ.

ಪ್ರತಿ ಕೆಲಸ ಆದ ಮೇಲೆ ಮೂರು ಟ್ಯಾಂಕ್ ಅಳೆಯಿರಿ. ಎರಡು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರ ಫಲ ಅಂತ ತಿಳಿಯೋದಿಲ್ಲ.

ಇಷ್ಟಕ್ಕೂ ಮುಂಚೆ ಒಂದು ಪರೀಕ್ಷೆ ಇದೆ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಒಲೆಯಂಗೆ ಬುಸುಬುಸು ಹೊಗೆ ಬಂದರೆ, ಸಾವಿರ ಕಿ.ಮೀ.ಗೆ ಒಂದು ಲೀಟರ್ ಹತ್ತಿರ ಆಯಿಲ್ ಕುಡಿದರೆ, ರಿಂಗು ಲೈನರ್ ಮುಗಿದಿವೆ. ಚಾಸಿಯೂ ತುಕ್ಕು ತಿಂದಿದ್ದರೆ ಆ ಗಾಡಿಗೆ ಹೊಸ ನಾಝಲ್ ಹಾಕಿ ರೊಕ್ಕ ಕಳೆಯಬೇಡಿ, ಮಾರುವ ಲೆಕ್ಕ ಹಾಕಿ. ಚಾಸಿ ಗಟ್ಟಿ ಇದ್ದು, ಆಯಿಲ್ ಖರ್ಚು ಕಡಿಮೆ ಇದ್ದರೆ ಧೈರ್ಯವಾಗಿ ಮೇಲಿನ ಕ್ರಮ ಹಿಡಿಯಿರಿ. ವರ್ಷದ ಕೊನೆಗೆ ರಿಪೇರಿ ಖರ್ಚು ಕೂಡಿಸಿ ಹನ್ನೆರಡರಿಂದ ಭಾಗಿಸಿ. ಅದು ಹೊಸ ಗಾಡಿಯ ತಿಂಗಳ ಕಂತಿನ ಅರ್ಧ ದಾಟುವ ತನಕ ಹಳೇ ಗಾಡಿಯೇ ಲಾಭ ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ.

ಕಂಪ್ಲಿ, ಸಂಡೂರು, ಕೂಡ್ಲಿಗಿ ಕಡೆ ಓಡಿಸುವವರ ದಾರಿ ಬೇರೆ, ಹೇರು ಬೇರೆ. ನಿಮ್ಮ ಪುಸ್ತಕದ ಲೆಕ್ಕವನ್ನೂ ಇದೇ ಪತ್ರಿಕೆಗೆ ಬರೆದು ಕಳಿಸಿ. ನಾಲ್ಕಾರು ಗಾಡಿಯ ಲೆಕ್ಕ ಒಂದು ಕಡೆ ಸೇರಿದರೆ ನಮ್ಮ ರಸ್ತೆಗೆ, ನಮ್ಮ ಧೂಳಿಗೆ ಏನು ಸರಿ ಅಂತ ಇನ್ನೂ ಚೆನ್ನಾಗಿ ತಿಳಿಯುತ್ತದೆ.